ನೀರುಗಂಟಿ: ತೂಬಿನ ಕಾವಲೂ ನೀರಿನ ನ್ಯಾಯವೂ

೧

ನೀರನ್ನು ಒಂದು ಮಟ್ಟದಲ್ಲಿ ತಡೆದು ನಿಲ್ಲಿಸಿ, ಬೇಕಾದಾಗ ಬೇಕಾದಷ್ಟನ್ನೇ ಕೆಳಗಿನ ಮಟ್ಟಕ್ಕೆ ಇಳಿಯಬಿಡುವ ಬಾಗಿಲು ಎಲ್ಲಿ ಉಂಟೋ ಅಲ್ಲಿ ಆ ಬಾಗಿಲನ್ನು ಕಾಯುವವನೊಬ್ಬನೂ ಇರಬೇಕಾಗುತ್ತದೆ. ದೋಣಿಗಳು ಸಂಚರಿಸುವ ಕಾಲುವೆಗಳುಳ್ಳ ದೇಶಗಳಲ್ಲಿ ಎರಡು ಬಾಗಿಲುಗಳ ನಡುವೆ ನೀರನ್ನು ಏರಿಸಿ ಇಳಿಸಿ ದೋಣಿಯನ್ನು ದಾಟಿಸುವ ಕಾವಲುಗಾರನು ಈ ಕೆಲಸವನ್ನು ಮಾಡುವನು. ಕನ್ನಡ ನಾಡಿನ ಕಾಲುವೆಗಳಾದರೋ ಬಹುಮಟ್ಟಿಗೆ ಗದ್ದೆಗಾಗಿ ಹುಟ್ಟಿದವು. ಇಲ್ಲಿ ಬಾಗಿಲೆಂದರೆ ಕೆರೆಯ ತೂಬು. ಆ ತೂಬನ್ನು ತೆರೆದು ಮುಚ್ಚುವ ಅಧಿಕಾರವೂ ಹೊಣೆಯೂ ಯಾರದೋ ಅವನೇ ನೀರುಗಂಟಿ.

ನೀರ್ಗಂಟಿ, ನೀರಗಂಟಿ, ನೀರುಗಂಟಿ ಎಂಬ ರೂಪಗಳೆಲ್ಲವೂ ಬಳಕೆಯಲ್ಲಿವೆ. ಕಾವೇರಿಯ ನಾಲೆಗಳ ಪ್ರದೇಶದಲ್ಲಿ ನೀರು ಬಿಡುವವನನ್ನು ಸೌಡಿ ಎಂದು ಕರೆಯುವರು. ತಮಿಳು ನಾಡಿನ ಏರಿಗಳಲ್ಲಿ ಇವನಿಗೆ ಸಮಾನನಾದವನು ನೀರ್‌ಕಟ್ಟಿ. ಸಿಂಹಳದಲ್ಲಿ ಗದ್ದೆಬಯಲಿನ ನೀರಿನ ಮೇಲ್ವಿಚಾರಣೆ ವೆಲ್ ವಿದಾನೆ ಎಂಬವನದಾಗಿತ್ತು. ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲೆ ಇವರೊಡನೆ ನೀರುಗಂಟಿಯೂ ಸೇರಿ ಹನ್ನೆರಡು ಮಂದಿ ಆಯಗಾರರಾಗುತ್ತಿದ್ದರು. ೧೮೧೦ರಲ್ಲಿ ಮೊದಲ ಸಂಪುಟ ಪ್ರಕಟವಾದ ಮಾರ್ಕ್ ವಿಲ್ಕ್ಸನ ಮೈಸೂರು ಇತಿಹಾಸದಲ್ಲಿಯೂ ಈ ಹನ್ನೆರಡು ಮಂದಿಯ ವಿವರಣೆಯ ನಡುವೆ ನೀರುಗಂಟಿಗೆ ಸ್ಥಾನ ದೊರೆತಿದೆ.

ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಎಂಬ ಗಾದೆ ಕನ್ನಡಿಗರ ಬಾಯಲ್ಲಿ ಸುಪ್ರಸಿದ್ಧವಾದುದು. ತಾನಾಗಿ ಹರಿಯುವುದನ್ನು ಬಳಸಿಕೊಳ್ಳಲು ಯಾರ ಅನುಮತಿಯೂ ಬೇಡವೆಂಬುದು ಅದರ ಅಭಿಪ್ರಾಯ. ಈ ಮಾತು ಹೊಳೆಗೆ ಸಲ್ಲುತ್ತದೆ, ಕೆರೆಗೆ ಸಲ್ಲದು. ಕೆರೆಯ ನೀರು ತಾನಾಗಿ ಹರಿಯುವುದಿಲ್ಲ, ಅಳತೆಯಿಲ್ಲದಷ್ಟು ಇರುವುದೂ ಇಲ್ಲ. ಊರಿನವರೆಲ್ಲರ ದುಡಿಮೆಯಿಂದ ಕೂಡಿಟ್ಟ ಗಂಟು ಅದು. ಆದಕಾರಣ ಕೆರೆಯ ನೀರಿಗೆ ಅಪ್ಪಣೆ ಬೇಕೇಬೇಕು. ವಿಚಾರಾರ್ಹವಾದ ಸಂಗತಿಯೆಂದರೆ, ಆ ಅಪ್ಪಣೆಯನ್ನು ಕಾರ್ಯಕ್ಕೆ ತರುವ ಕೈಯನ್ನು ಊರಿನ ಹಿರಿಯರು ದೊಣ್ಣೆನಾಯಕರ ನಡುವೆ ಹುಡುಕಲಿಲ್ಲ. ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲದವನ ಕೈಗೆ, ಊರಿನ ಅಂಚಿನಲ್ಲಿ ವಾಸವಾಗಿದ್ದವನ ಕೈಗೆ, ತೂಬಿನ ಬಿರಡೆಯನ್ನು ಒಪ್ಪಿಸಿದರು. ನೀರಿನ ನ್ಯಾಯವು ಹೀಗೆ ಒಂದು ಸಾಮಾಜಿಕ ಅನ್ಯಾಯದ ಬುನಾದಿಯ ಮೇಲೆ ನಿಂತಿದ್ದಿತು. ಈ ಉದ್ಯೋಗದ ಹಿರಿಮೆಯೂ ಕೊರಗೂ ಒಂದೇ ಬೇರಿನಿಂದ ಹೊರಟವು. ಅದರ ಸ್ವರೂಪವನ್ನು ತಿಳಿಯುವುದಕ್ಕೆ ಈ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

೨

ಮೊದಲು ಅವನ ಕೈಗೆ ಒಪ್ಪಿಸಿದ ಸಾಧನವನ್ನು ನೋಡುವುದು ಯುಕ್ತ. ಕೆರೆಗೆ ಮೂರು ಮುಖ್ಯ ಅಂಗಗಳುಂಟು: ನೀರನ್ನು ತಡೆಯುವ ಏರಿ, ಹೆಚ್ಚಾದ ನೀರನ್ನು ಹೊರಚೆಲ್ಲುವ ಕೋಡಿ, ಬೇಸಾಯಕ್ಕೆ ನೀರು ಬಿಡುವ ತೂಬು. ಕೋಡಿಯಲ್ಲಿ ನೀರು ತನ್ನ ಇಚ್ಛೆಯಿಂದ ಹೊರಡುತ್ತದೆ. ತೂಬಿನಲ್ಲಿ ಮನುಷ್ಯನ ಇಚ್ಛೆಯಿಂದ ಹೊರಡುತ್ತದೆ. ಕನ್ನಡದ ತೂಬು, ತಮಿಳಿನ ತೂಂಬು, ತೆಲುಗಿನ ತೂಮು ಇವು ಸೋದರ ಶಬ್ದಗಳು. ತಮಿಳಿನಲ್ಲಿ ತೂಬಿಗೆ ಮದಗು ಎಂಬ ಇನ್ನೊಂದು ಹೆಸರುಂಟು. ಮಾಸೂರಿನ ಮದಗದ ಕೆರೆಯ ಹೆಸರಿನಲ್ಲಿ ಅದೇ ಮಾತು ಕನ್ನಡಿಗರ ಕಿವಿಗೂ ಬೀಳುತ್ತದೆ.

ಹಳೆಯ ತೂಬಿನ ರಚನೆ ಸರಳವಾದುದು. ಏರಿಯ ಒಳಮೈಗೆ ಸ್ವಲ್ಪ ದೂರದಲ್ಲಿ, ಕೆರೆಯ ಅಂಗಳದಲ್ಲಿ, ಎರಡು ಕಲ್ಲುಕಂಬಗಳನ್ನು ನೆಟ್ಟಿರುತ್ತಾರೆ. ಅವುಗಳ ನಡುವೆ ಒಂದರ ಮೇಲೊಂದರಂತೆ ಅಡ್ಡಗಲ್ಲುಗಳನ್ನು ಹಾಯಿಸಿ, ಪ್ರತಿಯೊಂದರ ನಡುವೆಯೂ ರಂಧ್ರ ಕೊರೆದಿರುತ್ತಾರೆ. ತಳದಲ್ಲಿ ಕಲ್ಲಿನ ತೊಟ್ಟಿ, ಅದರ ಮುಚ್ಚುಗಲ್ಲಿನಲ್ಲಿ ಒಂದು ಕಂಡಿ. ಉದ್ದವಾದ ಮರದ ಗಳುವೊಂದು ಅಡ್ಡಗಲ್ಲುಗಳ ರಂಧ್ರಗಳ ಮೂಲಕ ನೇರವಾಗಿ ಇಳಿದು ಬರುತ್ತದೆ. ಅದರ ತುದಿಯಲ್ಲಿ ಮೊನೆ ಕಿರಿದಾಗಿರುವ ಬಿರಡೆ. ಬಿರಡೆ ಕಂಡಿಯಲ್ಲಿ ಕೂತರೆ ತೂಬು ಮುಚ್ಚಿತು. ಗಳುವನ್ನು ಮೇಲಕ್ಕೆತ್ತಿದರೆ ನೀರು ತೊಟ್ಟಿಗೆ ಬಿದ್ದು, ಏರಿಯ ಅಡಿಯಲ್ಲಿ ಹಾಯಿಸಿದ ಕಲ್ಲಿನ ಮೋರಿಯ ಮೂಲಕ ಹೊರಬಂದು ಕಾಲುವೆಯನ್ನು ಸೇರುತ್ತದೆ.

ರಚನೆ ಸರಳವಾದರೂ ಅದನ್ನು ನಡಸುವುದು ಸುಲಭವಲ್ಲ. ಕೆರೆ ತುಂಬಿದಾಗ ಕಂಬಗಳ ಸುತ್ತಲೂ ನೀರು ಆವರಿಸಿಕೊಂಡಿರುವುದರಿಂದ ನೀರುಗಂಟಿಯು ಅಲ್ಲಿಗೆ ಈಜಿ ಹೋಗಿ, ಪಾಚಿ ಕಟ್ಟಿದ ಅಡ್ಡಗಲ್ಲಿನ ಮೇಲೆ ನಿಂತು, ಗಳುವನ್ನು ಎತ್ತಬೇಕು. ಬಿರಡೆಯ ಮೇಲೆ ನೀರಿನ ಒತ್ತಡ ಇರುತ್ತದೆ. ಕಂಡಿಯ ಅಡ್ಡಳತೆ ೧೫ ಸೆಂಟಿಮೀಟರು, ಅದರ ಮೇಲೆ ನಿಂತ ನೀರು ೩ ಮೀಟರು ಎಂದಿಟ್ಟುಕೊಂಡರೆ, ಕೆಳಗಿನ ಮೋರಿ ಬರಿದಾಗಿರುವಾಗ ಬಿರಡೆಯನ್ನು ಅದುಮುವ ಭಾರ ಸುಮಾರು ೫೩ ಕಿಲೋಗ್ರಾಂ ಆಗುತ್ತದೆ. ನೀರು ೬ ಮೀಟರಿಗೆ ಏರಿದರೆ ಈ ಭಾರವೂ ಇಮ್ಮಡಿಯಾಗುತ್ತದೆ. ನೆನೆದ ಮರದ ತೂಕವೂ, ಕಂಡಿಗೆ ಬಿಗಿದುಕೊಂಡ ಬಿರಡೆಯ ಹಿಡಿತವೂ ಇದರೊಡನೆ ಸೇರಬೇಕು. ಬಿರಡೆ ಸರಿಯಾಗಿ ಕೂರದೆ ನೀರು ಸೋರುತ್ತಿದ್ದರೆ ಮುಳುಗಿ ಹೋಗಿ ಹುಲ್ಲನ್ನೋ ಬಟ್ಟೆಯನ್ನೋ ಸಂದಿಗೆ ತುರುಕುವುದೂ ಅವನ ಪಾಲಿನ ಕೆಲಸವೇ. ಕಂಡಿಯ ಸೆಳೆತಕ್ಕೆ ಕೈಯೋ ಕಾಲೋ ಸಿಕ್ಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಆದುದರಿಂದ ಈಜು ಬಲ್ಲವರೆಲ್ಲರೂ ಈ ಕೆಲಸಕ್ಕೆ ಯೋಗ್ಯರಾಗುತ್ತಿರಲಿಲ್ಲ. ತಂದೆಯ ಜೊತೆಯಲ್ಲಿ ಇಳಿದು ಕಲಿತ ಮಗನೇ ಮುಂದೆ ಈ ಉದ್ಯೋಗವನ್ನು ವಹಿಸುತ್ತಿದ್ದನು.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದುಂಟು. ತೂಬಿನಿಂದ ಹೊರಡುವ ನೀರಿನ ಪ್ರಮಾಣವು ಕಂಡಿಯ ಅಗಲವನ್ನು ಮಾತ್ರವಲ್ಲದೆ ಮೇಲೆ ನಿಂತ ನೀರಿನ ಎತ್ತರವನ್ನೂ ಅನುಸರಿಸುತ್ತದೆ. ಎತ್ತರವು ನಾಲ್ಕರಲ್ಲೊಂದು ಪಾಲಿಗೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಎಂದರೆ ಕಂಡಿಯ ಮೇಲೆ ೪ ಮೀಟರು ನೀರಿದ್ದಾಗ ಒಂದು ಜಾವದಲ್ಲಿ ನೆನೆಯುತ್ತಿದ್ದ ಗದ್ದೆಗೆ, ನೀರು ೧ ಮೀಟರಿಗೆ ಇಳಿದಾಗ ಎರಡು ಜಾವ ಬೇಕಾಗುತ್ತದೆ. ಪ್ರತಿಯೊಬ್ಬನಿಗೂ ಯಾವಾಗಲೂ ಇಷ್ಟೇ ಗಳಿಗೆ ಎಂದು ಗೊತ್ತುಮಾಡಿದರೆ ಮೊದಲು ಸರದಿ ಪಡೆದವನಿಗೆ ಲಾಭವೂ ಕೊನೆಯವನಿಗೆ ನಷ್ಟವೂ ಆಗುವುದು ಸಹಜ. ಈ ವರ್ಗಮೂಲದ ನಿಯಮವನ್ನು ನೀರುಗಂಟಿ ಗಣಿತವಾಗಿ ಅರಿತಿರಲಿಲ್ಲ. ಕಾಲುವೆಯ ನೀರು ಯಾವ ಕಲ್ಲನ್ನು ಮುಟ್ಟಿದೆ, ಗದ್ದೆಯ ಬದುವಿನ ಬುಡದಲ್ಲಿ ತೇವ ಎಲ್ಲಿಯವರೆಗೆ ಏರಿದೆ, ಮಣ್ಣು ಕಾಲಿಗೆ ಎಷ್ಟು ಮೆತ್ತಿಕೊಳ್ಳುತ್ತದೆ ಎಂಬ ಗುರುತುಗಳಿಂದ ಅದೇ ಫಲಿತಾಂಶಕ್ಕೆ ಬರುತ್ತಿದ್ದನು. ಒಂದು ಎಕರೆ ಗದ್ದೆಯಲ್ಲಿ ೫ ಸೆಂಟಿಮೀಟರು ನೀರು ನಿಲ್ಲಬೇಕಾದರೆ ಸುಮಾರು ೨ ಲಕ್ಷ ಲೀಟರು ನೀರು ಬೇಕು. ಇಷ್ಟನ್ನು ಪಾತ್ರೆಯಿಲ್ಲದೆ, ತಕ್ಕಡಿಯಿಲ್ಲದೆ, ಕಣ್ಣಳತೆಯಿಂದ ಹಂಚುವ ಕೆಲಸವಿದು.

೩

ನೀರುಗಂಟಿಯ ವರ್ಷವು ಮಳೆಯ ನಕ್ಷತ್ರಗಳನ್ನು ಅನುಸರಿಸಿ ನಡೆಯುತ್ತಿದ್ದಿತು. ಮುಂಗಾರಿಗೆ ಮೊದಲೇ ಕೆರೆಗೆ ನೀರು ತರುವ ಹಳ್ಳಗಳ ದಾರಿಯನ್ನು ನೋಡಿಕೊಂಡು ಬರಬೇಕು. ಬಿದ್ದ ಮರ, ಕುಸಿದ ದಂಡೆ, ಯಾರಾದರೂ ತಮ್ಮ ಹೊಲಕ್ಕೆ ತಿರುಗಿಸಿಕೊಂಡ ಕವಲು ಇವುಗಳನ್ನು ಊರಿಗೆ ತಿಳಿಸಬೇಕು. ಏರಿಯ ಮೇಲೆ ಬೆಳೆದ ಪೊದೆಗಳನ್ನು ಕಡಿಸಬೇಕು. ಇಲಿಯ ಬಿಲ, ಏಡಿಯ ಬಿಲಗಳನ್ನು ಮುಚ್ಚಿಸಬೇಕು. ಬೆರಳು ತೂರುವಷ್ಟು ಬಿಲವೂ ಮಣ್ಣಿನ ಏರಿಗೆ ಮೃತ್ಯುವಾಗಬಲ್ಲದು. ಹೇಗೆಂದರೆ, ಅದರೊಳಗೆ ನುಸುಳಿದ ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋಗುತ್ತ ದಾರಿಯನ್ನು ಅಗಲಮಾಡುತ್ತದೆ. ಏರಿಯ ಹೊರಮೈಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಅದು ಕದಡಿದ ಬಣ್ಣಕ್ಕೆ ತಿರುಗಿತೆಂದರೆ ಒಳಗಿನ ಮಣ್ಣು ಹೊರಡುತ್ತಿದೆಯೆಂದು ಅರ್ಥ. ಮಳೆಯ ರಾತ್ರಿಯಲ್ಲಿ ಕಂಬಳಿ ಹೊದೆದು, ಕಂದೀಲು ಹಿಡಿದು, ಏರಿಯ ಬುಡದಲ್ಲಿ ನಡೆಯುವವನು ನೋಡಬೇಕಾದುದು ಈ ಬಣ್ಣವನ್ನೇ.

ಕೋಡಿ ಬೀಳುವ ಕಾಲ ಊರಿಗೆ ಹಬ್ಬದ ಕಾಲ. ಗಂಗಮ್ಮನಿಗೆ ಪೂಜೆ, ಬಾಗಿನ, ಕೆಲವೆಡೆಗಳಲ್ಲಿ ತೆಪ್ಪೋತ್ಸವ. ನೀರುಗಂಟಿಗೆ ಮಾತ್ರ ಅದು ಎಚ್ಚರದ ಕಾಲ. ಇನ್ನೊಂದು ಮೊಳ ನೀರು ನಿಲ್ಲಲಿ ಎಂಬ ಆಸೆಯಿಂದ ಕೋಡಿಯ ಮೇಲೆ ಕಲ್ಲು, ಹಲಗೆ, ಮಣ್ಣುಗಳನ್ನಿಟ್ಟು ತಡೆಯುವವರು ಎಲ್ಲ ಊರುಗಳಲ್ಲಿಯೂ ಉಂಟು. ಆ ಒಂದು ಮೊಳದ ನೀರು ಏರಿಯ ತಲೆಯ ಮೇಲೆ ಹರಿದರೆ ಕೆರೆಯೇ ಹೋಗುತ್ತದೆ. ಒಂದು ಕೆರೆ ಒಡೆದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಕೋಲಾರದ ಸೀಮೆಯಲ್ಲಿ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇರುತ್ತವೆ. ಮೇಲಿನದರ ಕೋಡಿಯ ನೀರೇ ಕೆಳಗಿನದಕ್ಕೆ ಆಧಾರ. ಮೇಲಿನದು ಒಡೆದರೆ ಕೆಳಗಿನದಕ್ಕೂ ಅಪಾಯ. ಆದಕಾರಣ ನೀರುಗಂಟಿಯು ತನ್ನ ಊರಿನ ಕೆರೆಯನ್ನು ಕಾಯುತ್ತಿದ್ದಾಗಲೇ ತಾನು ಕಾಣದ ಊರುಗಳನ್ನೂ ಕಾಯುತ್ತಿದ್ದನು.

ಕೆರೆ ತುಂಬಿದ ಮಾತ್ರಕ್ಕೆ ತೂಬು ತೆಗೆಯಕೂಡದು. ಊರಿನ ಹಿರಿಯರು ಸೇರಿ ಈ ವರ್ಷದ ನೀರು ಎಷ್ಟು ಗದ್ದೆಗೆ ಸಾಕು, ಭತ್ತವೋ ರಾಗಿಯೋ, ಒಟ್ಟಲಿಗೆ ಯಾವ ದಿನ ನೀರು ಎಂಬುದನ್ನು ನಿಶ್ಚಯಿಸುವರು. ಆ ನಿಶ್ಚಯಕ್ಕೆ ಆಧಾರವಾದ ಅಂದಾಜು ನೀರುಗಂಟಿಯದು. ತೂಬಿನ ಕಂಬದ ಯಾವ ಅಡ್ಡಗಲ್ಲು ಮುಳುಗಿದೆ ಎಂಬುದೇ ಅವನ ಲೆಕ್ಕದ ಪುಸ್ತಕ. ತೂಬು ತೆಗೆದ ಮೇಲೆ ಸರದಿ ಪ್ರಾರಂಭವಾಗುತ್ತದೆ. ಗುದ್ದಲಿಯನ್ನು ಹೆಗಲಮೇಲಿಟ್ಟು ಕಾಲುವೆಯ ಗುಂಟ ನಡೆದು, ಒಬ್ಬನ ಬದುವಿನ ಗಂಡಿಯನ್ನು ತೆರೆದು ಇನ್ನೊಬ್ಬನದನ್ನು ಮುಚ್ಚುತ್ತ ಹೋಗಬೇಕು. ಹಗಲು ಸೂರ್ಯನ ನೆರಳು, ರಾತ್ರಿ ನಕ್ಷತ್ರಗಳು ಅವನಿಗೆ ಗಡಿಯಾರ. ಬೆಳೆ ಹೊಡೆ ಬಿಡುವ ಹೊತ್ತಿಗೆ, ಕಾಳು ಹಾಲುಗಟ್ಟುವ ಹೊತ್ತಿಗೆ ನೀರು ತಪ್ಪಿದರೆ ಅಷ್ಟು ದಿನದ ದುಡಿಮೆ ಜೊಳ್ಳಾಗುತ್ತದೆ. ಆ ವಾರಗಳಲ್ಲಿ ನೀರುಗಂಟಿಯು ಮನೆಯಲ್ಲಿ ಮಲಗುತ್ತಿದ್ದುದು ಅಪರೂಪ.

ಮಳೆ ಸಾಲದೆ ಹೋದ ವರ್ಷದಲ್ಲಿ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುತ್ತಿದ್ದಿತು. ಅಂಥ ವರ್ಷಗಳಿಗಾಗಿ ದಾಮಾಷಾ ಎಂಬ ಪದ್ಧತಿ ಕೋಲಾರದ ಕಡೆಯ ಊರುಗಳಲ್ಲಿದ್ದಿತು. ಕೆರೆಯಲ್ಲಿರುವ ನೀರು ಅಚ್ಚುಕಟ್ಟಿನ ಕಾಲುಭಾಗಕ್ಕೆ ಮಾತ್ರ ಸಾಕೆಂದು ಕಂಡುಬಂದರೆ, ಏರಿಯ ಸಮೀಪದ ಕಾಲುಭಾಗವನ್ನು ಮಾತ್ರ ಸಾಗುವಳಿಗೆ ತೆಗೆದುಕೊಳ್ಳುವರು. ಆ ಭಾಗವನ್ನು ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ಅನುಗುಣವಾಗಿ ಆ ಒಂದು ಬೆಳೆಯ ಮಟ್ಟಿಗೆ ಹಂಚುವರು. ಏರಿಯ ಕೆಳಗೆ ಗದ್ದೆಯುಳ್ಳವನು ತನ್ನ ಭೂಮಿಯನ್ನೇ ಇತರರಿಗೆ ಬಿಟ್ಟುಕೊಡಬೇಕು. ಕಾಲುವೆಯ ಕೊನೆಯಲ್ಲಿ ಗದ್ದೆಯುಳ್ಳವನು ಏರಿಯ ಬುಡಕ್ಕೆ ಬಂದು ಉಳುವನು. ಕಾಲುವೆ ಚಿಕ್ಕದಾಗುವುದರಿಂದ ದಾರಿಯಲ್ಲಿ ಇಂಗಿಹೋಗುವ ನೀರು ಉಳಿಯುತ್ತದೆ; ಕೊರತೆಯು ಕೊನೆಯವನೊಬ್ಬನ ತಲೆಯ ಮೇಲೆ ಬೀಳದೆ ಎಲ್ಲರಿಗೂ ಹರಡುತ್ತದೆ. ಸ್ವಂತ ಭೂಮಿಯ ಹಕ್ಕನ್ನು ಒಂದು ಬೆಳೆಗಾಲ ಬದಿಗಿಟ್ಟು ನೀರಿನ ಹಕ್ಕನ್ನು ಮುಂದೆ ಮಾಡುವ ಈ ಕಟ್ಟಳೆಯು ಧರ್ಮಶಾಸ್ತ್ರದ ಗ್ರಂಥಗಳಿಗಿಂತ ಕೆರೆಯ ಅಂಗಳದಲ್ಲಿಯೇ ಹುಟ್ಟಿ ಬೆಳೆದಂತೆ ತೋರುತ್ತದೆ.

೪

ಇಷ್ಟು ಅಧಿಕಾರವುಳ್ಳ ಉದ್ಯೋಗವನ್ನು ಯಾರಿಗೆ ಕೊಡುತ್ತಿದ್ದರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬಹಳ ಊರುಗಳಲ್ಲಿ, ಮುಖ್ಯವಾಗಿ ಹಳೆಯ ಮೈಸೂರಿನ ಪೂರ್ವಭಾಗದಲ್ಲಿ, ನೀರುಗಂಟಿಗಳು ಅಸ್ಪೃಶ್ಯರೆಂದು ಊರಾಚೆ ಇರಿಸಲ್ಪಟ್ಟ ಜಾತಿಗಳವರಾಗಿದ್ದರು. ಅಚ್ಚುಕಟ್ಟಿನ ಗದ್ದೆಗಳಲ್ಲಿ ಅವರಿಗೆ ಸಾಮಾನ್ಯವಾಗಿ ಪಾಲಿರುತ್ತಿರಲಿಲ್ಲ. ಇದಕ್ಕೆ ಊರಿನವರು ಕೊಡುತ್ತಿದ್ದ ಕಾರಣ ಸ್ಪಷ್ಟವಾದುದು: ತನ್ನ ಗದ್ದೆಯಿಲ್ಲದವನು ತನ್ನ ಕಡೆಗೆ ನೀರು ತಿರುಗಿಸಲಾರನು; ಗದ್ದೆಯುಳ್ಳವರೊಡನೆ ಕೊಟ್ಟು ತಂದ ಸಂಬಂಧವಿಲ್ಲದವನು ಬೀಗನಿಗಾಗಿ ಪಕ್ಷಪಾತ ಮಾಡಲಾರನು. ತಕ್ಕಡಿ ಹಿಡಿಯುವವನಿಗೆ ಸರಕಿನಲ್ಲಿ ಆಸೆ ಇರಬಾರದೆಂಬ ನೀತಿ ಇದು.

ನೀತಿಯೇನೋ ಸರಿಯೇ. ಆದರೆ ಇಲ್ಲಿ ನಿರಾಸಕ್ತಿಯು ನೀರುಗಂಟಿಯು ತಾನಾಗಿ ಕೈಕೊಂಡ ವ್ರತವಾಗಿರಲಿಲ್ಲ. ಭೂಮಿಯಿಂದಲೂ ಬಂಧುತ್ವದಿಂದಲೂ ಅವನನ್ನು ದೂರವಿಟ್ಟುದರ ಫಲವಾಗಿದ್ದಿತು. ನೂರಾರು ಎಕರೆಗೆ ನೀರುಣಿಸುವ ಬಿರಡೆಯನ್ನು ಎತ್ತುವ ಕೈಗೆ ಊರಿನ ಬಾವಿಯ ಹಗ್ಗವನ್ನು ಮುಟ್ಟುವ ಅಧಿಕಾರವಿರಲಿಲ್ಲ. ನೀರಿಗಾಗಿ ಜಗಳವಾಡಿದ ಇಬ್ಬರು ಗದ್ದೆಯವರ ನಡುವೆ ಅವನ ಮಾತೇ ನಿರ್ಣಾಯಕ. ಆ ಮಾತನ್ನು ಅವನು ಜಗಲಿಯ ಕೆಳಗೆ ನಿಂತು ಹೇಳಬೇಕು. ಪ್ರಬಲನೊಬ್ಬನು ಸರದಿಯನ್ನು ಮುರಿದು ರಾತ್ರಿ ಗಂಡಿಯನ್ನು ಕಡಿದರೆ ಅದನ್ನು ಮುಚ್ಚುವ ಧೈರ್ಯ ಬೇಕು. ಅವನ ಬೆನ್ನಿಗೆ ಊರಿನ ಕಟ್ಟಳೆ ಇದ್ದಿತೇ ಹೊರತು ಸ್ವಂತ ಬಲವೆಂಬುದು ಏನೂ ಇರಲಿಲ್ಲ. ಕಟ್ಟಳೆ ಗಟ್ಟಿಯಾಗಿದ್ದ ಊರಿನಲ್ಲಿ ಗೌಡನ ಗದ್ದೆಯೂ ಸರದಿಯನ್ನು ಕಾಯುತ್ತಿದ್ದಿತು. ಕಟ್ಟಳೆ ಸಡಿಲಿದ ಊರಿನಲ್ಲಿ ನೀರುಗಂಟಿಯು ಗೌಡನ ಆಳಾಗಿ ಇಳಿಯುತ್ತಿದ್ದನು. ಒಂದು ಊರಿನ ನ್ಯಾಯವು ಎಷ್ಟು ಆರೋಗ್ಯವಾಗಿದೆ ಎಂಬುದನ್ನು ಕಾಲುವೆಯ ಕೊನೆಯ ಗದ್ದೆಯನ್ನು ನೋಡಿ ತಿಳಿಯಬಹುದಾಗಿದ್ದಿತು.

ಅವನ ಸಂಬಳ ಹಣದ ರೂಪದಲ್ಲಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಆಯವನ್ನು ಪಡೆಯಬೇಕು. ಇದಲ್ಲದೆ ಅನೇಕ ಊರುಗಳಲ್ಲಿ ಉದ್ಯೋಗಕ್ಕೆ ಸೇರಿದ ಸ್ವಲ್ಪ ಮಾನ್ಯಭೂಮಿ ಇರುತ್ತಿದ್ದಿತು. ಈ ಏರ್ಪಾಡಿನಲ್ಲಿ ಒಂದು ಜಾಣ್ಮೆಯುಂಟು. ಬೆಳೆ ಬಂದರೆ ಆಯ. ಬೆಳೆ ಒಣಗಿದರೆ ಆಯವಿಲ್ಲ. ಒಬ್ಬನ ಕಣ ತುಂಬಿ ಹತ್ತು ಜನರ ಕಣ ಬರಿದಾದರೆ ನೀರುಗಂಟಿಗೆ ನಷ್ಟ. ಎಲ್ಲರ ಕಣಗಳಲ್ಲಿಯೂ ಇಷ್ಟಿಷ್ಟು ರಾಶಿ ಬಿದ್ದರೇ ಅವನಿಗೆ ಲಾಭ. ಸಮವಾಗಿ ಹಂಚುವುದರಲ್ಲಿಯೇ ಅವನ ಹೊಟ್ಟೆಪಾಡು ಇರುವಂತೆ ಹಿಂದಿನವರು ಕಟ್ಟಿದ್ದರು. ನೀರಿನ ಪಾಲನ್ನು ಕೊಡದೆ ಬೆಳೆಯ ಪಾಲನ್ನು ಕೊಟ್ಟುದರಿಂದ ಅವನ ಹಿತವೂ ಊರಿನ ಹಿತವೂ ಒಂದಾದವು.

೫

ಸಾಹಿತ್ಯದಲ್ಲಿಯೂ ಶಾಸನಗಳಲ್ಲಿಯೂ ಕೆರೆಗೆ ದೊರೆತ ಗೌರವ ಬಹು ದೊಡ್ಡದು. ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ಪರಿಗಣಿತವಾದ ಪುಣ್ಯಕಾರ್ಯ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮುಂತಾದ ಹೆಸರುಗಳಿಂದ ಕೆರೆಯನ್ನು ಕಟ್ಟಿದುದಕ್ಕಾಗಿಯೂ ಅದರ ಜೀರ್ಣೋದ್ಧಾರಕ್ಕಾಗಿಯೂ ಬಿಟ್ಟ ದತ್ತಿಗಳನ್ನು ಕರ್ಣಾಟಕದ ಶಾಸನಗಳು ಹೇರಳವಾಗಿ ಹೇಳುತ್ತವೆ. ಹೂಳು ತೆಗೆಯುವ ಬಂಡಿಯ ವೆಚ್ಚಕ್ಕಾಗಿ ಬಿಟ್ಟ ದತ್ತಿಗಳೂ ಉಂಟು. ಇವುಗಳಲ್ಲೆಲ್ಲ ಎದ್ದು ಕಾಣುವ ಹೆಸರು ಸಾಮಾನ್ಯವಾಗಿ ಕಟ್ಟಿಸಿದವನದು ಅಥವಾ ದತ್ತಿ ಬಿಟ್ಟವನದು.

ಈ ವಿಷಯದಲ್ಲಿ ಪೋರುಮಾಮಿಳ್ಳದ ಶಾಸನವು ವಿಶೇಷವಾಗಿ ಗಮನಿಸತಕ್ಕದ್ದು. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು, ಎಂದರೆ ಭವದೂರನು, ಈಗಿನ ಕಡಪ ಜಿಲ್ಲೆಯಲ್ಲಿ ಕಟ್ಟಿಸಿದ ದೊಡ್ಡ ಕೆರೆಯ ಸಂಬಂಧವಾಗಿ ೧೩೬೯ರಲ್ಲಿ ಹುಟ್ಟಿದ ಸಂಸ್ಕೃತ ಶಾಸನವಿದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮಿಷ್ಠನಾದ ರಾಜ, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿಯಾದ ನೆಲ, ಸಿಹಿನೀರಿನ ನದಿ, ಬೆಟ್ಟಗಳ ನಡುವಣ ಕಲ್ಲುಕಟ್ಟಡ, ಆಳವಾದ ಅಂಗಳ, ಕಲ್ಲುಗಣಿ, ಫಲವತ್ತಾದ ಅಚ್ಚುಕಟ್ಟು, ನಿಪುಣರಾದ ಕೆಲಸಗಾರರ ತಂಡ ಇವೆಲ್ಲವೂ ಆ ಹನ್ನೆರಡರಲ್ಲಿ ಬರುತ್ತವೆ. ಏರಿಯಿಂದ ನೀರು ಸೋರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಮೆಯಾಗಿ ನೀರು ಹೆಚ್ಚಾಗಿರುವುದು ಇವು ಆರು ದೋಷಗಳು. ನೀರಿಗೂ ಭೂಮಿಗೂ ಹೊಂದಾಣಿಕೆ ತಪ್ಪುವುದನ್ನು ದೋಷವೆಂದು ಗುರುತಿಸಿದ ದೃಷ್ಟಿ ಬಹು ಸೂಕ್ಷ್ಮವಾದುದು. ಆದರೆ ಆ ಹೊಂದಾಣಿಕೆಯನ್ನು ವರ್ಷವರ್ಷವೂ ಸಾಧಿಸುತ್ತಿದ್ದವನು, ಎಂದರೆ ತೂಬಿನ ಬಳಿ ನಿಂತವನು, ಹನ್ನೆರಡು ಅಂಗಗಳಲ್ಲಿ ಸೇರಿಲ್ಲ. ಶಾಸನವು ಕಟ್ಟುವ ಕ್ಷಣವನ್ನು ಕಲ್ಲಿನಲ್ಲಿ ನಿಲ್ಲಿಸುತ್ತದೆ. ನಡಸುವ ಕೆಲಸಕ್ಕೆ ಕ್ಷಣವೆಂಬುದಿಲ್ಲ, ಅದು ದಿನವೂ ನಡೆಯುತ್ತದೆ.

ಜನಪದರ ಕೆರೆಗೆ ಹಾರ ಎಂಬ ಕಥನಗೀತದಲ್ಲಿಯೂ ಸ್ಥಿತಿ ಹೆಚ್ಚು ಭಿನ್ನವಾಗಿಲ್ಲ. ನೀರು ಬಾರದ ಕೆರೆಗಾಗಿ ಗೌಡನ ಮನೆಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಅಲ್ಲಿಯೂ ಕೆರೆಯ ಕಥೆಯು ನೀರು ಬರುವುದರೊಡನೆ ಶಿಖರಕ್ಕೇರುತ್ತದೆ. ಬಂದ ನೀರು ಯಾರ ಗದ್ದೆಗೆ ಎಷ್ಟು ಹೋಯಿತು, ಯಾರು ಅದನ್ನು ಅಳೆದರು ಎಂಬುದು ಹಾಡಿಗೆ ವಿಷಯವಾಗಲಿಲ್ಲ. ತ್ಯಾಗವು ಕಾವ್ಯಕ್ಕೆ ಒದಗುವಷ್ಟು ಸುಲಭವಾಗಿ ಹಂಚಿಕೆಯು ಒದಗುವುದಿಲ್ಲ. ಆದಕಾರಣ ನೀರುಗಂಟಿಯ ಚರಿತ್ರೆಯನ್ನು ಅರಸುವವರು ಪದ್ಯಗಳಿಗಿಂತ ಹೆಚ್ಚಾಗಿ ಗ್ರಾಮದ ಲೆಕ್ಕಪತ್ರಗಳನ್ನೂ, ಆಯಗಾರರ ಪಟ್ಟಿಗಳನ್ನೂ, ಹೊಲಗದ್ದೆಗಳ ಹೆಸರುಗಳನ್ನೂ ಆಶ್ರಯಿಸಬೇಕಾಗುತ್ತದೆ.

೬

ಇಪ್ಪತ್ತನೆಯ ಶತಮಾನದಲ್ಲಿ ಈ ಉದ್ಯೋಗವು ಮೂರು ದಿಕ್ಕುಗಳಿಂದ ಕರಗಿತು. ಮೊದಲನೆಯದು ಯಂತ್ರ. ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ೧೯೦೩ರಲ್ಲಿ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲು ತೆರೆಯುವುದು, ಇಳಿದರೆ ಮುಚ್ಚುವುದು ಅವುಗಳ ಲಕ್ಷಣ. ಕೆರೆಗಳಲ್ಲಿಯೂ ಬಿರಡೆಯ ಸ್ಥಾನಕ್ಕೆ ತಿರುಪಿನಿಂದ ಏರಿಳಿಸುವ ಕಬ್ಬಿಣದ ಬಾಗಿಲುಗಳು ಬಂದವು. ಏರಿಯ ಮೇಲಿಂದ ಸೇತುವೆಯಂತೆ ನಡೆದುಹೋಗಿ ತಿರುಪನ್ನು ತಿರುಗಿಸಿದರೆ ಸಾಕಾಯಿತು. ಈಜಿ ಮುಳುಗುವ ಅಪಾಯ ತಪ್ಪಿದುದು ನಿಜವಾದ ಉಪಕಾರ. ಆದರೆ ಯಂತ್ರವು ನೀರಿನ ಮಟ್ಟವನ್ನು ಅರಿಯಬಲ್ಲುದೇ ಹೊರತು ಸರದಿ ಯಾರದೆಂಬುದನ್ನು ಅರಿಯಲಾರದು. ಕೋಡಿಯ ಕೆಲಸವನ್ನು ಅದು ಪೂರ್ಣವಾಗಿ ವಹಿಸಿಕೊಂಡಿತು. ತೂಬಿನ ಕೆಲಸದಲ್ಲಿ ಅರ್ಧವನ್ನು ಮಾತ್ರ ವಹಿಸಿಕೊಂಡಿತು.

ಎರಡನೆಯದು ಆಡಳಿತದ ಬದಲಾವಣೆ. ಮೈಸೂರು ಸರ್ಕಾರವು ೧೯೧೧ರಲ್ಲಿ ಕೆರೆ ಪಂಚಾಯತಿಗಳ ಕಾಯಿದೆಯನ್ನು ಮಾಡಿ, ಕೆರೆಗಳ ರಕ್ಷಣೆಯ ಹೊಣೆಯನ್ನು ಊರಿನವರ ಮೇಲೆ ಕ್ರಮವಾಗಿ ಇರಿಸಲು ಪ್ರಯತ್ನಿಸಿತು. ಅರ್ಧಶತಮಾನದ ಬಳಿಕ, ೧೯೬೧ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯವಾದ ಗ್ರಾಮದ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ಉದ್ಯೋಗವನ್ನು ಕಟ್ಟಿಹಾಕುವ, ಬಿಟ್ಟಿ ದುಡಿಮೆಗೆ ದಾರಿಮಾಡುವ ಪದ್ಧತಿ ಹೋದುದು ನ್ಯಾಯವೇ. ನೀರುಗಂಟಿಯ ಮಗನು ಬಿರಡೆಯನ್ನು ಬಿಟ್ಟು ಪುಸ್ತಕವನ್ನು ಹಿಡಿದುದಕ್ಕೆ ಯಾರೂ ಮರುಗಬೇಕಾದುದಿಲ್ಲ. ಆದರೆ ಹುದ್ದೆಯ ಬಂಧನವನ್ನು ಕಳಚುವಾಗ ಹುದ್ದೆಯ ಕೆಲಸವನ್ನು ಯಾರು ಮಾಡಬೇಕೆಂಬುದು ಬಹಳ ಊರುಗಳಲ್ಲಿ ನಿರ್ಧಾರವಾಗದೆ ಉಳಿಯಿತು. ಆಯವು ನಿಂತಿತು, ಅದಕ್ಕೆ ಬದಲಾಗಿ ಸಾಲುವಷ್ಟು ಸಂಬಳ ಎಲ್ಲೆಡೆ ಬರಲಿಲ್ಲ. ತೂಬು ಯಾರ ಕೈಗೂ ಸೇರದುದಾಗಿ, ಬಲವುಳ್ಳವನ ಕೈಗೆ ಸೇರಿತು. ದೊಣ್ಣೆನಾಯಕನು ಗಾದೆಯಿಂದ ಇಳಿದು ಕೆರೆಯ ಏರಿಯ ಮೇಲೆ ಬಂದು ನಿಂತನು.

ಮೂರನೆಯದು ಕೊಳವೆಬಾವಿ. ಕೆರೆಯ ನೀರು ಕಣ್ಣಿಗೆ ಕಾಣುವಂಥದು. ಎಷ್ಟಿದೆಯೆಂದು ಎಲ್ಲರೂ ಏರಿಯ ಮೇಲೆ ನಿಂತು ನೋಡಬಹುದು, ಆದುದರಿಂದ ಎಲ್ಲರೂ ಕೇಳಬಹುದು. ನೆಲದೊಳಗಿನ ನೀರು ಕಾಣದು. ಯಾರ ಹೊಲದಲ್ಲಿ ಬಾವಿ ತೋಡಿದರೋ ಅವರದೇ ಆ ನೀರು ಎಂಬ ಭಾವನೆ ನೆಲೆಗೊಂಡಿತು. ಸರದಿಯ ಸ್ಥಾನದಲ್ಲಿ ಆಳದ ಪೈಪೋಟಿ ಬಂದಿತು. ಬಾವಿಯುಳ್ಳವನಿಗೆ ಕೆರೆಯ ಹೂಳಿನ ಚಿಂತೆ ಕಡಮೆಯಾಯಿತು. ಹಳ್ಳಗಳ ದಾರಿ ಮುಚ್ಚಿದರೂ ಕೇಳುವವರಿಲ್ಲವಾಯಿತು.

೭

ಕರ್ಣಾಟಕದಲ್ಲಿ ಈಗಲೂ ಸುಮಾರು ೩೬,೦೦೦ ಕೆರೆಗಳನ್ನು ಲೆಕ್ಕಹಾಕುತ್ತಾರೆ. ಅವುಗಳ ಉದ್ಧಾರಕ್ಕಾಗಿ ಈ ಶತಮಾನದ ಆರಂಭದಿಂದ ಹಲವು ಯೋಜನೆಗಳು ನಡೆದಿವೆ; ಊರೂರಿನಲ್ಲಿ ಕೆರೆಬಳಕೆದಾರರ ಸಂಘಗಳು ಹುಟ್ಟಿವೆ. ಹೂಳು ತೆಗೆಯುವುದು, ಏರಿಯನ್ನು ಭದ್ರಪಡಿಸುವುದು, ಬಾಗಿಲುಗಳನ್ನು ಹೊಸದಾಗಿ ಇಡುವುದು ಈ ಕಾರ್ಯಗಳು ಕಣ್ಣಿಗೆ ಕಾಣುವಂಥವು, ಅಳತೆಗೆ ಸಿಕ್ಕುವಂಥವು. ಆದರೆ ಶಾಸನಗಳ ಕಾಲದಿಂದ ಬಂದ ಅದೇ ಅಭ್ಯಾಸ ಇಲ್ಲಿಯೂ ಮುಂದುವರಿದಂತೆ ತೋರುತ್ತದೆ: ಕಟ್ಟಿದುದಕ್ಕೆ ಕಲ್ಲು ನೆಡುವರು, ನಡಸುವವನನ್ನು ಮರೆಯುವರು.

೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಸಂಸ್ಕರಿತ ನೀರು ಬರತೊಡಗಿತು. ಬಹುಕಾಲ ಒಣಗಿದ್ದ ಅಂಗಳಗಳಲ್ಲಿ ನೀರು ನಿಂತಿತು. ಕೋಡಿಯಿಂದ ಕೋಡಿಗೆ ಹರಿದು ಸರಪಳಿಯ ಹಳೆಯ ಸಂಬಂಧವೂ ಮತ್ತೆ ಕಾಣಿಸಿಕೊಂಡಿತು. ಆದರೆ ಆ ನೀರು ನೆಲದೊಳಗಣ ಜಲವನ್ನು ತುಂಬುವುದಕ್ಕೆಂದು ಉದ್ದೇಶಿಸಿದುದು. ತೂಬು ತೆರೆದು ಗದ್ದೆಗೆ ಹರಿಸುವುದಕ್ಕೆ ಉದ್ದೇಶಿಸಿದುದಲ್ಲ. ಕೆರೆ ತುಂಬಿದೆ, ತೂಬು ಮುಚ್ಚಿದೆ. ಇಂಗಿದ ನೀರು ಮತ್ತೆ ಮೇಲೆ ಬರುವುದು ಕೊಳವೆಬಾವಿಯ ಮೂಲಕ. ಬಾವಿಯುಳ್ಳವನಿಗೆ ಅದು ಒದಗುತ್ತದೆ, ಇಲ್ಲದವನಿಗೆ ಒದಗುವುದು ಕಷ್ಟ. ಸಾರ್ವಜನಿಕವಾದ ನೀರು ಕೆರೆಯ ತಳವನ್ನು ದಾಟುವಷ್ಟರಲ್ಲಿ ಖಾಸಗಿಯ ನೀರಾಗುವ ಈ ಮಾರ್ಗದಲ್ಲಿ ನೀರುಗಂಟಿಗೆ ನಿಲ್ಲುವ ಸ್ಥಳವೇ ಇಲ್ಲ.

ಇಷ್ಟರಿಂದ ಹಳೆಯದೆಲ್ಲ ಒಳ್ಳೆಯದೆಂದು ಸಿದ್ಧಪಡುವುದಿಲ್ಲ. ನೀರುಗಂಟಿಯ ಉದ್ಯೋಗದಲ್ಲಿ ಬೇರ್ಪಡಿಸಬೇಕಾದ ಎರಡು ಅಂಶಗಳುಂಟು. ಹಂಚುವವನಿಗೆ ಪಾಲಿನ ಆಸೆ ಇರಬಾರದು, ಅವನ ಜೀವನವು ಎಲ್ಲರ ಬೆಳೆಯ ಮೇಲೆ ನಿಂತಿರಬೇಕು, ಕೊರತೆಯನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬುವು ಒಂದು ಅಂಶ. ಇವು ಯಾವ ಕಾಲಕ್ಕೂ ಸಲ್ಲುವ ಧರ್ಮಗಳು. ಆಸೆಯಿಲ್ಲದವನನ್ನು ಪಡೆಯುವುದಕ್ಕಾಗಿ ಒಂದು ಜನಸಮುದಾಯವನ್ನೇ ಭೂಮಿಯಿಲ್ಲದಂತೆ ಮಾಡಿಟ್ಟುದು ಇನ್ನೊಂದು ಅಂಶ. ಅದು ಯಾವ ಕಾಲಕ್ಕೂ ಸಲ್ಲದ ಅಧರ್ಮ. ಹಿಂದಿನವರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು. ಅನಂತರದವರು ಗಂಟನ್ನು ಬಿಚ್ಚುವ ಶ್ರಮವನ್ನು ತೆಗೆದುಕೊಳ್ಳದೆ ಎರಡನ್ನೂ ಒಟ್ಟಿಗೆ ಹೊರಗೆ ಹಾಕಿದರು. ಭೂಮಿಯ ಹಕ್ಕು, ಊರಿನ ಬಾವಿ, ಸಭೆಯಲ್ಲಿ ಸಮಾನವಾದ ಆಸನ ಇವೆಲ್ಲವನ್ನೂ ಪಡೆದವನೊಬ್ಬನು ತಕ್ಕ ಸಂಬಳದ ಮೇಲೆ, ಊರಿನ ಒಪ್ಪಿಗೆಯಿಂದ, ನಿಷ್ಪಕ್ಷಪಾತವಾಗಿ ನೀರನ್ನು ಹಂಚುವ ಸ್ಥಿತಿಯನ್ನು ಕನ್ನಡ ನಾಡು ಇನ್ನೂ ಸಾಧಿಸಬೇಕಾಗಿದೆ. ತೂಬಿನ ಕಲ್ಲುಕಂಬಗಳು ಅನೇಕ ಕೆರೆಗಳಲ್ಲಿ ಇಂದಿಗೂ ನಿಂತಿವೆ. ಅಡ್ಡಗಲ್ಲಿನ ರಂಧ್ರಗಳು ಗಳುವಿನ ತಿಕ್ಕಾಟದಿಂದ ನುಣುಪಾಗಿವೆ; ಯಾವ ಶಾಸನವೂ ಹೇಳದ ಕೈಗಳ ಗುರುತು ಅಲ್ಲಿ ಉಳಿದಿದೆ.